ಮುಳುಗಿದ ಕಣಿವೆಯ ಮೇಲೆ ತಿಳಿನೀರು

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಬರುವ ಜನಜಾತ್ರೆಯೆಲ್ಲ ಅಲ್ಲಿನ ಹೆಸರಾಂತ ಕಣಿವೆಯಲ್ಲೇ ನೆರೆಯುವುದರಿಂದ, ವಾಯವ್ಯದ ಹೆಚ್ ಹೆಚ್ಚಿ ಕಣಿವೆಗೆ ಹೊರಟವರಿಗೆ ದಾರಿಯುದ್ದಕ್ಕೂ ಬಿಸಿಲಿಗೆ ಕಾದ ಪೈನ್ ಮರಗಳ ಅಂಟಿನ ಘಮವೊಂದೇ ಜೊತೆ. ರಸ್ತೆ ಮುಗಿಯುವಲ್ಲಿ ಓಶಾನೆಸಿ ಅಣೆಕಟ್ಟು. ಅದರ ನೆತ್ತಿಯ ಮೇಲೆ ನಿಧಾನವಾಗಿ ನಡೆಯೋಣ ಬನ್ನಿ. ಎಡಕ್ಕೆ ಬಗ್ಗಿ ನೋಡಿದರೆ, ಎಲ್ಲೋ ಆಳದಲ್ಲಿ ತೂಬಿನ ಬಾಯಿಂದ ಟುವಾಲಮಿ ನದಿ ಬೆಳ್ಳಗೆ ಚಿಮ್ಮಿ ಮತ್ತೆ ತನ್ನ ಪಾತ್ರಕ್ಕೆ ಬೀಳುವ ಭೋರ್ಗರೆತ. ಬಲಕ್ಕೆ ತಿರುಗಿದರೆ ಸದ್ದೇ ಇಲ್ಲ, ಕೊಲಾನಾ ಬಂಡೆಯ ಬುಡದವರೆಗೂ ಕಡುನೀಲಿ ನೀರು. ಮಟ್ಟ ಇಳಿದಾಗ ಬಂಡೆಗಳ ಮೈಮೇಲೆ, ಹಂಡೆಯೊಳಗೆ ನೀರು ನಿಂತ ಗುರುತಿನ ಹಾಗೆ, ಬಿಳಿಯ ಪಟ್ಟಿಯೊಂದು ಕಾಣುತ್ತದೆ.

ಕಟ್ಟೆ ದಾಟಿದರೆ ಬಂಡೆ ಕೊರೆದ ಸುರಂಗ. ಕತ್ತಲು, ತಣ್ಣನೆಯ ಗಾಳಿ, ನೆತ್ತಿಗೆ ತಟಕ್ಕನೆ ಬೀಳುವ ಹನಿ. ಆಚೆ ಬಂದೊಡನೆ ಕಣ್ಣು ಕುಕ್ಕುವ ಬಿಸಿಲು, ಬೇ ಮರದ ಎಲೆಗಳ ಖಾರವಾದ ವಾಸನೆ. ವಸಂತದಲ್ಲಿ ಬಂದರೆ ಕಾಲಡಿ ನೋಡಿಕೊಂಡು ನಡೆಯಬೇಕು: ಕಿತ್ತಳೆ ಹೊಟ್ಟೆಯ ನ್ಯೂಟ್, ನೋಡಲು ಹಲ್ಲಿ, ಕುಲದಲ್ಲಿ ಕಪ್ಪೆಯ ನೆಂಟ, ಒಂದೊಂದೇ ಕಾಲೆತ್ತಿಡುತ್ತ ಒದ್ದೆ ಹಾದಿಯನ್ನು ದಾಟುತ್ತಿರುತ್ತದೆ. ನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ವಪಾಮಾ ಜಲಪಾತದ ಸದ್ದು ನಮ್ಮ ಮಾತನ್ನೆಲ್ಲ ನುಂಗಿಬಿಡುತ್ತದೆ; ಅದರ ಸೇತುವೆ ದಾಟುವಾಗ ತುಂತುರಿಗೆ ಬಟ್ಟೆಯೆಲ್ಲ ತೊಪ್ಪೆ.

ಇಷ್ಟಾದರೂ ಕೆಳಗಿನ ನೀರಿಗೆ ಇಳಿಯುವಂತಿಲ್ಲ. ಈಜು ಇಲ್ಲ, ದೋಣಿ ಇಲ್ಲ. ಇದು ಸ್ಯಾನ್ ಫ್ರಾನ್ಸಿಸ್ಕೋ ಕುಡಿಯುವ ನೀರು. ಹಿಮ ಕರಗಿ, ಮಣ್ಣು ಕಡಿಮೆಯಿರುವ ಗ್ರಾನೈಟ್ ಮೇಲೆ ಹರಿದು ಬರುವುದರಿಂದ ಸೋಸಲೂ ಬೇಕಿಲ್ಲದಷ್ಟು ತಿಳಿ. ಅತಿನೇರಳೆ ಬೆಳಕು ಹಾಯಿಸಿ, ಕ್ಲೋರಿನ್ ಬೆರೆಸಿದರೆ ಸಾಕು.

ಈ ನೀರಿನಡಿ ಹುಲ್ಲುಗಾವಲಿತ್ತು, ಮೂಲನಿವಾಸಿ ಮಿವೊಕ್ ಜನ ಓಕ್ ಕಾಯಿ ಆಯುತ್ತಿದ್ದ ತೋಪುಗಳಿದ್ದವು. 1906ರ ಭೂಕಂಪದ ಬೆನ್ನಿಗೇ ಹೊತ್ತಿದ ಬೆಂಕಿ ಆರಿಸಲು ನೀರಿಲ್ಲದೆ ಸ್ಯಾನ್ ಫ್ರಾನ್ಸಿಸ್ಕೋ ನಗರ ಉರಿದುಹೋದ ಮೇಲೆ, ಅದರ ಕಣ್ಣು ಕಣಿವೆಯ ಮೇಲೆ ಇನ್ನಷ್ಟು ಬಿತ್ತು. ಅಸಲಿಗೆ ಒಡೆದದ್ದು ಊರೊಳಗಿನ ಕೊಳವೆಗಳು. ಆ ಮಾತನ್ನು ಕೇಳುವ ತಾಳ್ಮೆ ಆಗ ಯಾರಿಗಿತ್ತು? ಕಣಿವೆ ಉಳಿಸಲು ವರ್ಷಗಟ್ಟಲೆ ಹೋರಾಡಿದ ಜಾನ್ ಮ್ಯೂರ್ 1913ರ ಡಿಸೆಂಬರಿನಲ್ಲಿ ಸೋತರು, ಮರುವರ್ಷ ತೀರಿಕೊಂಡರು. ಸಿಮೆಂಟು, ಯಂತ್ರಗಳನ್ನು ಹೊರಲು 68 ಮೈಲಿ ರೈಲುಹಳಿ ಬೆಟ್ಟ ಹತ್ತಿತು. 1923ರಲ್ಲಿ ಎದ್ದ ಕಟ್ಟೆಯನ್ನು 1938ರಲ್ಲಿ ಇನ್ನೂ ಎತ್ತರಿಸಿದರು. ಕಟ್ಟೆಗೆ ಹೆಸರು ಕೊಟ್ಟ ಎಂಜಿನಿಯರ್ ಮೈಕೆಲ್ ಓಶಾನೆಸಿ ಅದನ್ನೂ ಕಾಣಲಿಲ್ಲ, ನೀರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೀಮೆ ಮುಟ್ಟಿದ್ದನ್ನೂ ಕಾಣಲಿಲ್ಲ. 1934ರ ಅಕ್ಟೋಬರಿನಲ್ಲಿ, ಆ ನೀರು ಬರಲು ಕೆಲವೇ ದಿನ ಇರುವಾಗ ಕಣ್ಣುಮುಚ್ಚಿದರು.

ಇಂದು ಸುರಂಗ, ಕೊಳವೆಗಳಲ್ಲಿ ಸುಮಾರು 260 ಕಿ.ಮೀ. ಇಳಿಜಾರಿನ ಬಲದಿಂದಲೇ ನೀರು ಹರಿದು ಬರುವ ಈ ವ್ಯವಸ್ಥೆಯನ್ನು ನೆಚ್ಚಿರುವವರು 27 ಲಕ್ಷದಷ್ಟು ಜನ. ಮೌಂಟನ್ ವ್ಯೂ, ಸನಿವೇಲ್ ಕಡೆಯ ಎಷ್ಟೋ ಕನ್ನಡಿಗರ ಮನೆಯ ಡಿಕಾಕ್ಷನ್ನಿಗೂ ಇದೇ ನೀರು. ಇಂಥ ಕಣಿವೆಯನ್ನೇ ಮುಳುಗಿಸಬೇಕಿತ್ತೆ ಎಂದು ಕೇಳಿದರೆ, ಬೇಡವಿತ್ತು ಎಂದೇ ನಾನು ಹೇಳುವುದು. ಆಗ ಬೇರೆ ಜಾಗಗಳ ಮಾತೂ ನಡೆದಿತ್ತು. ಆದರೆ ಜಲಾಶಯ ಬರಿದುಮಾಡಿ ಕಣಿವೆಯನ್ನು ಮರಳಿ ಪಡೆಯಲು ಯೋಜನೆ ರೂಪಿಸಬೇಕೆಂಬ ಪ್ರಸ್ತಾವ 2012ರಲ್ಲಿ ಮತಕ್ಕೆ ಬಂದಾಗ, ಸ್ಯಾನ್ ಫ್ರಾನ್ಸಿಸ್ಕೋದ ಮತದಾರರಲ್ಲಿ ನೂರಕ್ಕೆ 77 ಮಂದಿ ಬೇಡವೆಂದರು.