ಮನೆಯ ಪಂಖವೂ ಗೃಹಸ್ಥನ ಎಚ್ಚರವೂ

ವೈಶಾಖವು ಬಂದಿತೆಂದರೆ ನಮ್ಮ ರಾಯಚೂರು ಸೀಮೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದು ವಾಡಿಕೆ. ದೇವದುರ್ಗ, ಮಾನವಿಗಳ ಹಳೆಯ ಮಾಳಿಗೆಮನೆಗಳಲ್ಲಿಯೂ ಈಗ ಪಂಖವಿಲ್ಲದೆ ಮಧ್ಯಾಹ್ನವು ಕಳೆಯದು. ಕೈಬೀಸಣಿಗೆಯಿಂದ ತೋಳು ನೋಯುತ್ತಿದ್ದಿತೇ ಹೊರತು ಪ್ರಾಣಭಯವಿರಲಿಲ್ಲ. ವಿದ್ಯುತ್ತಿನ ಪಂಖವು ಹಾಗಲ್ಲ. 230 ವೋಲ್ಟಿನ ಶಕ್ತಿಯು ಅಜಾಗರೂಕನನ್ನು ಕ್ಷಮಿಸುವುದಿಲ್ಲ.

ಹೋದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುವೆನು. ಕೆಟ್ಟ ಪಂಖವನ್ನು ಇಳಿಸಲೆಂದು ಮಗನು ಮೇನ್ ಸ್ವಿಚ್ಚನ್ನು ಆರಿಸಿ ನಿಚ್ಚಣಿಕೆಯನ್ನೇರಿದನು. "ತಮ್ಮಾ, ಮೊದಲು ಟೆಸ್ಟರು ಮುಟ್ಟಿಸಿ ನೋಡು" ಎಂದೆನು. "ಮೇನೇ ಆರಿಸೀನಲ್ಲಪ್ಪಾ" ಎಂದು ನಗುತ್ತಲೇ ಮುಟ್ಟಿಸಿದನು. ಟೆಸ್ಟರಿನ ದೀಪವು ಹೊತ್ತಿತು! ನಮ್ಮಿಬ್ಬರ ಮುಖವೂ ಬಿಳಿಚಿತು. ಕಾರಣವೇನೆಂದರೆ, ಹೊರಗಿನ ವಿದ್ಯುತ್ತು ನಿಂತೊಡನೆ ಮೂಲೆಯಲ್ಲಿದ್ದ ಇನ್ವರ್ಟರು ತನ್ನ ಬ್ಯಾಟರಿಯಿಂದ ಅದೇ ತಂತಿಗೆ ಶಕ್ತಿಯನ್ನು ಕೊಡುತ್ತಲಿದ್ದಿತು. ಆದುದರಿಂದ ಮೇನನ್ನೂ ಇನ್ವರ್ಟರನ್ನೂ ಎರಡನ್ನೂ ಆರಿಸತಕ್ಕದ್ದು. ಟೆಸ್ಟರನ್ನು ಮೊದಲು ಶಕ್ತಿಯಿರುವ ಕಡೆ ಪರೀಕ್ಷಿಸಿ, ಅದು ಸರಿಯಾಗಿರುವುದೆಂದು ತಿಳಿದ ಮೇಲೆಯೇ ತಂತಿಗಳೆಲ್ಲಕ್ಕೂ ಮುಟ್ಟಿಸಿ ನೋಡತಕ್ಕದ್ದು.

ಇನ್ನು ಕೊಂಡಿಯ ವಿಚಾರ. ತಿರುಗುವ ಪಂಖವು ತನ್ನ ಆಧಾರವನ್ನು ಹಗಲಿರುಳು ಅಲುಗಿಸುತ್ತಿರುವುದು. ಮಾಳಿಗೆಯಲ್ಲಿ ಜಂತೆಗೆ ತೂಗಹಾಕುವುದು ಸಲ್ಲದು. ಗೆದ್ದಲು ಹಿಡಿಯದ ತೊಲೆಗೆ ಆರುಪಾರು ಬೋಲ್ಟು ಹಾಕಿಸಬೇಕು. ಕೊಳವೆಯ ಬೋಲ್ಟಿಗೆ ಸೀಳುಪಿನ್ನನ್ನು ತೊಡಿಸಿ ಅದರ ಕಾಲುಗಳನ್ನು ಅಗಲಿಸಲು ಮರೆಯಬಾರದು. ರೆಕ್ಕೆಗಳು ನೆಲದಿಂದ ಎಂಟಡಿಯಾದರೂ ಮೇಲಿರಲಿ. ಮಾಳಿಗೆಯು ತಗ್ಗಾಗಿದ್ದರೆ ಗೋಡೆಯ ಪಂಖವೇ ಲೇಸು.

ತಂತಿಗಳು ಮೂರು. ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸುರು ಅರ್ಥಿಂಗು. ಹಳೆಯ ಮನೆಗಳಲ್ಲಿ ಬಣ್ಣವನ್ನು ನಂಬದೆ ಪರೀಕ್ಷಿಸಿಯೇ ನಿಶ್ಚಯಿಸಬೇಕು. ಸ್ವಿಚ್ಚು ಫೇಸಿನ ದಾರಿಯಲ್ಲಿಯೇ ಇರತಕ್ಕದ್ದು. ಅದು ನ್ಯೂಟ್ರಲಿನಲ್ಲಿದ್ದರೆ ಪಂಖವು ನಿಂತರೂ ತಂತಿಯಲ್ಲಿ ಶಕ್ತಿಯು ಉಳಿದಿರುವುದು. ಹಸುರು ತಂತಿಯನ್ನು "ಅದಿಲ್ಲದೆಯೂ ತಿರುಗುವುದಲ್ಲ" ಎಂದು ಬಿಟ್ಟುಬಿಡುವವರು ಹಲವರು. ಒಳಗಿನ ತಂತಿಯು ಸುಲಿದು ಲೋಹಕ್ಕೆ ತಾಗಿದಂದು ಕಾಯುವುದು ಅದೇ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಕವಿದ್ದರೆ, ಶಕ್ತಿಯು ಮೈಯ ಮೂಲಕ ನೆಲಕ್ಕೆ ಸೋರಿದ ಕ್ಷಣದಲ್ಲಿಯೇ ಅದು ಸಂಪರ್ಕವನ್ನು ಕಡಿಯುವುದು. ಆದರೂ ಎರಡು ತಂತಿಗಳನ್ನು ಒಟ್ಟಿಗೆ ಹಿಡಿದವನನ್ನು ಅದು ಕಾಯಲಾರದು.

ಸಾಮಾನ್ಯ ಪಂಖಕ್ಕೆ 75 ವಾಟಿನಷ್ಟು ಶಕ್ತಿ ಬೇಕಾದರೆ, ಹೊಸ ಬಿಎಲ್‌ಡಿಸಿ ಪಂಖಕ್ಕೆ 30 ವಾಟಿನ ಆಸುಪಾಸು ಸಾಕು. ಆದರೆ ಇದಕ್ಕೆ ಹಳೆಯ ರೆಗ್ಯುಲೇಟರನ್ನು ಜೋಡಿಸಬಾರದು.

ಕೆಟ್ಟ ಪಂಖವನ್ನು ತೆಗೆದು ಅಂಥದನ್ನೇ ಹಾಕಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹೊಸ ತಂತಿಯನ್ನು ಎಳೆಯುವ ಕೆಲಸವಾದರೋ ಲೈಸೆನ್ಸು ಪಡೆದವರದು. ಅವರಿಗೆ ಕೊಡುವ ಕೂಲಿಯನ್ನು ಉಳಿಸಹೋಗಿ ಮನೆಯವರನ್ನು ಅಪಾಯಕ್ಕೆ ಒಡ್ಡುವುದು ಗೃಹಸ್ಥಧರ್ಮವಲ್ಲ. ನನ್ನ ಮಗನು ಈಗ ನಾನು ಹೇಳದೆಯೇ ಟೆಸ್ಟರನ್ನು ಜೇಬಿನಲ್ಲಿಟ್ಟುಕೊಂಡು ನಿಚ್ಚಣಿಕೆಯನ್ನೇರುವನು. ವಾಚಕರೂ ಹಾಗೆಯೇ ಮಾಡಲೆಂದು ಹಾರೈಸುವೆನು.