ವಿಶ್ವವಿದ್ಯಾಲಯದ ಹೊರಗಿನ ಸಂಶೋಧನೆ: ಗಡಿನಾಡಿಗೆ ಬೇಕಾದ ದಾರಿ

ಸಂಶೋಧನೆ ಎಂದೊಡನೆ ವಿಶ್ವವಿದ್ಯಾಲಯ, ಮಾರ್ಗದರ್ಶಕರು, ಶಿಷ್ಯವೇತನ, ಪಿಎಚ್.ಡಿ. ಪದವಿ ನೆನಪಾಗುತ್ತವೆ. ಗಡಿಯಾಚೆಯ ಕನ್ನಡ ಊರುಗಳಲ್ಲಿ ಈ ಅನುಕೂಲಗಳು ವಿರಳ. ಹಾಗೆಂದು ನಮ್ಮ ಆಡುಮಾತು, ಸ್ಥಳನಾಮ, ಶಾಲೆಗಳ ಇತಿಹಾಸ ದಾಖಲಾಗದೆ ಅಳಿಯಬೇಕಿಲ್ಲ. ಬೇರೆ ದಾರಿಗಳು ಈ ಹಿಂದೆಯೇ ತೆರೆದಿವೆ.

ಮೊದಲನೆಯದು ವ್ಯಕ್ತಿಯೊಬ್ಬರ ಸ್ವತಂತ್ರ ಸಾಧನೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು (1883–1963) ಪದವಿ ವ್ಯಾಸಂಗವನ್ನು ಪೂರ್ಣಗೊಳಿಸಲಿಲ್ಲ, ಪ್ರಾಧ್ಯಾಪಕರೂ ಆಗಲಿಲ್ಲ. ಮನೆಯ ಗ್ರಂಥಭಂಡಾರ ಹಾಗೂ ಬಹುಭಾಷಾ ಪಾಂಡಿತ್ಯದ ಬಲದಿಂದ ತುಳುನಾಡಿನ ಇತಿಹಾಸ, ಕವಿಗಳ ಕಾಲನಿರ್ಣಯ ಮೊದಲಾದ ವಿಷಯಗಳಲ್ಲಿ ಶೋಧ ನಡೆಸಿದರು. ಈಜಿಪ್ಟಿನಲ್ಲಿ ದೊರೆತ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ನುಡಿಗಳಿವೆಯೇ ಎಂಬ ವಿದ್ವತ್ ಚರ್ಚೆಯಲ್ಲಿಯೂ ಪಾಲ್ಗೊಂಡರು. ಆದರೆ ಅವರಿಗೆ ಮನೆತನದ ಆರ್ಥಿಕ ಆಸರೆಯಿತ್ತು. ಎಲ್ಲರಿಗೂ ಅದು ದೊರೆಯದು.

ಎರಡನೆಯದು ಸಾಮೂಹಿಕ ದಾರಿ. ಗಣೇಶ ದೇವಿಯವರು ಬರೋಡಾದ ಪ್ರಾಧ್ಯಾಪಕ ಹುದ್ದೆಯನ್ನು ತೊರೆದು 'ಭಾಷಾ' ಸಂಸ್ಥೆಯನ್ನು ಕಟ್ಟಿದರು. 2010ರಲ್ಲಿ ಆರಂಭವಾದ ಭಾರತೀಯ ಜನಭಾಷಾ ಸಮೀಕ್ಷೆಯಲ್ಲಿ ವಿದ್ವಾಂಸರೊಡನೆ ಶಿಕ್ಷಕರು, ಲೇಖಕರು, ಭಾಷಿಕ ಸಮುದಾಯಗಳವರು ಕೈಜೋಡಿಸಿ 780 ಭಾಷೆಗಳನ್ನು ಗುರುತಿಸಿದರು. ಹೊರೆ ಹಂಚಿಹೋದಾಗ ಸಿರಿವಂತಿಕೆಯ ಅಗತ್ಯ ಕುಗ್ಗುತ್ತದೆ.

ವಿಶ್ವವಿದ್ಯಾಲಯದ ಹೊರಗೆ ತಿದ್ದುವವರು ಕಡಿಮೆ. ಆದ್ದರಿಂದ ಶಿಸ್ತನ್ನು ನಾವೇ ವಿಧಿಸಿಕೊಳ್ಳಬೇಕು. ಹೇಳಿದವರ ಒಪ್ಪಿಗೆ, ಊರು, ದಿನಾಂಕ ದಾಖಲಾಗಬೇಕು. ಕೇಳಿದ ಮಾತನ್ನು ಇದ್ದಂತೆಯೇ ಬರೆದು, ನಮ್ಮ ಊಹೆಯನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಇನ್ನೊಬ್ಬರು ಪರಿಶೀಲಿಸಿದ ಬಳಿಕವೇ ಅದು ಹೊರಬರಬೇಕು. ಪ್ರತಿಯೊಂದು ದಾಖಲೆಯ ನಕಲು ಬೇರೆಡೆಯೂ ಇರಬೇಕು.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಧಾರವಿದೆ. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ಕಲ್ಪಿಸಿದೆ. ಆದರೆ ಕನ್ನಡ ಶಿಕ್ಷಕರ ಹುದ್ದೆಗಾಗಿ ಸಲ್ಲಿಸುವ ಮನವಿಗೆ ಅಳಲಿನಷ್ಟೇ ಅಂಕಿ ಅಂಶವೂ ಬೇಕು. ಶಾಲೆಯ ಹಳೆಯ ದಾಖಲಾತಿ ಪುಸ್ತಕದಿಂದ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಕ್ಕಳ ಹೆಸರನ್ನು ಬಿಟ್ಟು, ಕನ್ನಡ ಮಾಧ್ಯಮಕ್ಕೆ ಸೇರಿದವರ ಸಂಖ್ಯೆಯನ್ನೂ ಅಂದಿನ ಶಿಕ್ಷಕರ ಸಂಖ್ಯೆಯನ್ನೂ ವರ್ಷವಾರು ಪಟ್ಟಿ ಮಾಡಿದರೆ ಅದೂ ಸಂಶೋಧನೆಯೇ. ಮಕ್ಕಳು ಕಡಿಮೆಯಾದುದರಿಂದ ಹುದ್ದೆ ಹೋಯಿತೇ, ಹುದ್ದೆ ಖಾಲಿ ಉಳಿದುದರಿಂದ ಮಕ್ಕಳು ದೂರವಾದರೇ ಎಂಬುದನ್ನು ಆ ಪಟ್ಟಿಯಿಂದ ಪರಿಶೀಲಿಸಲು ಸಾಧ್ಯ. ಪ್ರತಿ ಶಾಲೆಯ ಹಳೆಯ ವಿದ್ಯಾರ್ಥಿಗಳು ಈ ಒಂದು ಕಾರ್ಯವನ್ನು ಕೈಗೆತ್ತಿಕೊಳ್ಳಲಿ.