ಊರಿಗೆ ಹೋದಾಗ ನೋಡೋಣ

ನಮ್ಮವರ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತೊಂದುಂಟು: "ಊರಿಗೆ ಹೋದಾಗ ನೋಡೋಣ." ಹಲ್ಲು ನೋಯುತ್ತಿದೆಯೆ? ಊರಿಗೆ ಹೋದಾಗ ನೋಡೋಣ. ಮೂರು ವಾರದಿಂದ ಕೆಮ್ಮು ಬಿಟ್ಟಿಲ್ಲವೆ? ಹಬ್ಬಕ್ಕೆ ಹೋಗುವುದಿದೆಯಲ್ಲ, ಆಗ ನೋಡೋಣ. ನಾಸಿಕದ ಸಾತಪುರ, ಅಂಬಡ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರೂ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾಗಳಿಗೆ ಪಾಳಿಯ ಮೇಲೆ ಹೋಗುವವರೂ, ಕಚೇರಿಯಲ್ಲಿ ಕುಳಿತು ಲೆಕ್ಕ ಬರೆಯುವವರೂ ಈ ಒಂದು ಮಾತಿನಲ್ಲಿ ಸರಿಸಮಾನರು. ಆದರೆ ಊರಿನ ದಾರಿ ವರ್ಷಕ್ಕೆ ಒಂದೆರಡು ಸಲ ತೆರೆದರೆ ಹೆಚ್ಚು. ರೋಗವು ಹಬ್ಬದ ಪಂಚಾಂಗ ನೋಡಿ ಬರುವುದಿಲ್ಲ.

ಹೀಗೆ ಮುಂದೂಡುವವರನ್ನು ಅಲಕ್ಷ್ಯದವರೆಂದು ನಾವು ದೂರುವುದಿಲ್ಲ. ಒಂದು ದಿನ ದವಾಖಾನೆಗೆ ಹೋದರೆ ಒಂದು ದಿನದ ಪಗಾರ ಹೋಗುತ್ತದೆ. ಡಾಕ್ಟರರ ಮುಂದೆ ಮರಾಠಿಯಲ್ಲಿ ನೋವು ಹೇಳಿಕೊಳ್ಳಲು ನಾಲಿಗೆ ತಡವರಿಸುತ್ತದೆ. ಮನೆಯವರಿಗೆ ತಿಳಿದರೆ ಗಾಬರಿಯಾದಾರೆಂಬ ಅಂಜಿಕೆ ಬೇರೆ. ಇವೆಲ್ಲ ನಿಜವಾದ ಕಾರಣಗಳೇ. ಆದರೆ ಇವಕ್ಕೆ ಇಲ್ಲಿಯೇ ಉಪಾಯಗಳಿವೆ. ಮೊದಲು ದಿನನಿತ್ಯದ ಎಚ್ಚರಿಕೆಗಳನ್ನೂ, ಬಳಿಕ ಕಾಯಿಸಬಾರದ ಲಕ್ಷಣಗಳನ್ನೂ, ಮನಸ್ಸಿನ ಮಾತನ್ನೂ, ಕೊನೆಗೆ ಖರ್ಚು ಮತ್ತು ಭಾಷೆಯ ವಿಚಾರವನ್ನೂ ಹೇಳುತ್ತೇವೆ.

ನೀರು ಮತ್ತು ಬಿಸಿಲು

ಸಂಭಾಜಿನಗರದಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ತಗಡಿನ ಮಾಡಿನ ಕೆಳಗೆ ಯಂತ್ರದ ಪಕ್ಕದಲ್ಲಿ ನಿಂತವನಿಗೆ ಆ ಕಾವು ಇನ್ನೂ ಹೆಚ್ಚು. ಬಾಯಾರುವ ತನಕ ಕಾಯದೆ ಆಗಾಗ ನೀರು ಕುಡಿಯಬೇಕು. ಮೂತ್ರ ಗಾಢ ಹಳದಿಯಾದರೆ ಕುಡಿದ ನೀರು ಸಾಲದೆಂದು ತಿಳಿಯಬೇಕು. ಜೊತೆಗಾರನ ಮೈ ಕೆಂಡದಂತಾಗಿ ಮಾತು ತೊದಲತೊಡಗಿದರೆ ಅದು ಬಿಸಿಲಿನ ಹೊಡೆತ. ಅವನನ್ನು ನೆರಳಿಗೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಬೇಕು; ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲಾಗದು.

ಭೇದಿಯಾದಾಗ ಔಷಧದ ಅಂಗಡಿಯ ಓ.ಆರ್.ಎಸ್. ಪುಡಿ ಸಿಗದಿದ್ದರೆ, 1 ಲೀಟರು ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಸ್ವಲ್ಪಸ್ವಲ್ಪವೇ ಕುಡಿಯಬೇಕು.

ನಲ್ಲಿಯಲ್ಲಿ ದಿನವೂ ನೀರು ಬಾರದ ಬಡಾವಣೆಗಳಲ್ಲಿ ಪೀಪಾಯಿ ತುಂಬಿಡುವುದು ತಪ್ಪದು. ಡೆಂಗೆ ಜ್ವರದ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲಿಯೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಸಾಕು. ಆದ್ದರಿಂದ ಪೀಪಾಯಿಯನ್ನು ಮುಚ್ಚಿಡಬೇಕು, ವಾರಕ್ಕೊಮ್ಮೆ ಬರಿದು ಮಾಡಬೇಕು. ಮೊಟ್ಟೆಗಳು ಒಳಗೋಡೆಗೆ ಅಂಟಿರುವುದರಿಂದ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು.

ಊಟ ಮತ್ತು ನಿದ್ರೆ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ಖಾನಾವಳಿಯಲ್ಲಿ ಉಣ್ಣುವವನಿಗೂ ಸಲ್ಲುತ್ತದೆ. ವಡಾಪಾವ್ ಮತ್ತು ಚಹಾದಲ್ಲಿ ಹೊತ್ತು ಕಳೆಯುವುದು ಅಗ್ಗವೆಂದು ಕಂಡರೂ ಹೊಟ್ಟೆಗೆ ಅದು ಆಧಾರವಲ್ಲ. ಇಲ್ಲಿಯ ಜೋಳದ ಭಾಕರಿ ನಮ್ಮ ರೊಟ್ಟಿಯ ತಂಗಿಯೇ. ಅದರ ಜೊತೆಗೆ ಒಂದು ಕಾಳಿನ ಪಲ್ಯ, ಸ್ವಲ್ಪ ಸೊಪ್ಪು ಇದ್ದರೆ ಬಡವನ ತಾಟೂ ತುಂಬಿದ ತಾಟೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ 5 ಗ್ರಾಂ, ಎಂದರೆ ಸುಮಾರು ಒಂದು ಚಹಾ ಚಮಚದಷ್ಟು ಉಪ್ಪಿನೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಫರಸಾಣದ ಉಪ್ಪೂ ಆ ಲೆಕ್ಕದಲ್ಲಿಯೇ ಸೇರುತ್ತದೆ.

ನಿದ್ರೆ ಕೂಡ ಒಂದು ಆಹಾರವೇ. ವಯಸ್ಕನಿಗೆ ದಿನಕ್ಕೆ 7 ತಾಸಾದರೂ ನಿದ್ರೆ ಬೇಕು. ರಾತ್ರಿಪಾಳಿಯವರು ಪಾಳಿಯ ಕೊನೆಯ ನಾಲ್ಕೈದು ತಾಸು ಚಹಾ ಬಿಡುವುದು ಒಳ್ಳೆಯದು. ಅದರ ಪ್ರಭಾವ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಮನೆಗೆ ಬಂದು ಹಗಲಿನ ಬೆಳಕು ಬಾರದಂತೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಬೇಕು. ಒಂದೇ ಖೋಲಿಯಲ್ಲಿ ನಾಲ್ವರು ನಾಲ್ಕು ಪಾಳಿಯವರಿದ್ದರೆ, ಮಲಗಿದವನಿರುವಾಗ ಫೋನಿನ ಸದ್ದು ಹೊರಗೆ ಎಂಬ ಒಂದು ಕಟ್ಟಳೆ ಮಾಡಿಕೊಂಡರೆ ನಾಲ್ವರಿಗೂ ಲಾಭ. ನಿದ್ದೆ ತಡೆಯಲೆಂದು ತಂಬಾಕು ಸುಣ್ಣ ತಿಕ್ಕುವವರು ನಮ್ಮಲ್ಲಿ ಉಂಟು. ಅದು ಪಾಳಿಯನ್ನು ದಾಟಿಸಬಹುದು, ಆದರೆ ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಕಾಯಿಸಬಾರದ ಲಕ್ಷಣಗಳು

ಎರಡು ವಾರ ಮೀರಿದ ಕೆಮ್ಮು. ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ. ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ: ಇವನ್ನು ಆ ವಾರವೇ ತೋರಿಸಬೇಕು. ಎದೆಯ ಮಧ್ಯೆ ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ಹರಿಯುವ ನೋವು, ಮುಖ ಒಂದು ಪಕ್ಕಕ್ಕೆ ಸೊಟ್ಟಗಾಗುವುದು, ಕೈಯೊಂದು ಜೋತುಬೀಳುವುದು: ಇವಕ್ಕೆ ಆ ಗಳಿಗೆಯೇ ಆಸ್ಪತ್ರೆ.

ಕೆಮ್ಮು ಕ್ಷಯದ್ದೆಂದು ತೇಲಿದರೂ ಹೆದರಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಯೂ ಔಷಧವೂ ಉಚಿತ; ಸಾಧಾರಣವಾಗಿ 6 ತಿಂಗಳು ಬಿಡದೆ ತೆಗೆದುಕೊಂಡರೆ ಗುಣವಾಗುತ್ತದೆ. ಆಹಾರಕ್ಕೆಂದು ಕೇಂದ್ರ ಸರಕಾರ ಕೊಡುವ ಹಣವು 2024ರ ನವೆಂಬರಿನಲ್ಲಿ ತಿಂಗಳಿಗೆ 500 ರೂಪಾಯಿಯಿಂದ 1000ಕ್ಕೆ ಏರಿತು. ಊರಿಗೆ ಹೋಗುವಾಗ ಔಷಧ ನಿಲ್ಲಿಸದೆ, ಮೊದಲೇ ತಿಳಿಸಿ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

ರಕ್ತದ ಒತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮೊದಮೊದಲು ಲಕ್ಷಣವೇ ಇರದು. 30 ವರ್ಷ ದಾಟಿದವರು ಸಮೀಪದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ಅಳೆಯಿಸಿಕೊಳ್ಳಲಿ. ಒತ್ತಡ ಮೇಲಿಂದ ಮೇಲೆ 140/90 ಮುಟ್ಟಿದರೆ ಡಾಕ್ಟರರನ್ನು ಕಾಣಬೇಕು.

ಮನಸ್ಸಿನ ಮಾತು

ಮೈಯ ನೋವಿಗಿಂತ ಹೆಚ್ಚು ಮುಂದೂಡಲ್ಪಡುವುದು ಮನಸ್ಸಿನ ನೋವು. ದಿನವಿಡೀ ಪರಭಾಷೆಯಲ್ಲಿ ದುಡಿದು ಖೋಲಿಗೆ ಬಂದು ಗೋಡೆ ನೋಡಿಕೊಂಡು ಕೂಡುವವನಿಗೆ ದುಃಖ ಹೆಪ್ಪುಗಟ್ಟುತ್ತದೆ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲಿಯೂ ರುಚಿಯಿಲ್ಲದೆ ನಿದ್ರೆ ಹಾರಿದರೆ ಅದು ಸಹಾಯ ಬೇಡುವ ಕಾಯಿಲೆ, ಹೇಡಿತನವಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕು ಬೇಡವೆಂದು ಗೆಳೆಯನೊಬ್ಬ ಅಂದರೆ ಅದನ್ನು ಹಾಸ್ಯಕ್ಕೆ ತಳ್ಳದೆ, ಒಬ್ಬನನ್ನೇ ಬಿಡದೆ, ಆ ಫೋನನ್ನು ನಾವೇ ಹಚ್ಚಿಕೊಡಬೇಕು.

ರಜೆಯ ದಿನ ನಡೆಯುವುದು ಮೈಗೂ ಮನಸ್ಸಿಗೂ ಮದ್ದು. ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆದರೆ ಸಾಕೆಂದು ತಜ್ಞರ ಮತ. ನಾಸಿಕದವರಿಗೆ ಪಾಂಡವಲೇಣಿಯ ಮೆಟ್ಟಿಲುಗಳಿವೆ. ಸಂಭಾಜಿನಗರದವರು 30 ಕಿಲೋಮೀಟರು ದೂರದ ವೇರೂಳಕ್ಕೆ ಹೋದರೆ, ಕನ್ನಡ ನಾಡನ್ನೂ ಆಳಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಕಾಣಬಹುದು. 1956ರ ತನಕ ಈ ನಗರವೂ ಬೀದರ, ಕಲಬುರಗಿ, ರಾಯಚೂರುಗಳೂ ಹೈದರಾಬಾದೆಂಬ ಒಂದೇ ರಾಜ್ಯದಲ್ಲಿದ್ದವು. ಇದು ನಮಗೆ ತೀರ ಪರನಾಡೇನೂ ಅಲ್ಲ.

ಖರ್ಚು ಮತ್ತು ಭಾಷೆ

ಪಗಾರದ ಚೀಟಿಯಲ್ಲಿ ಇ.ಎಸ್.ಐ. ಎಂಬ ಸಾಲಿದೆಯೆ ನೋಡಿರಿ. 2017ರಲ್ಲಿ ಅದರ ವೇತನಮಿತಿ ತಿಂಗಳಿಗೆ 21,000 ರೂಪಾಯಿ ಎಂದಾಯಿತು. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ 75 ಪೈಸೆ, ಮಾಲಕರದು ನೂರಕ್ಕೆ 3 ರೂಪಾಯಿ 25 ಪೈಸೆ. ಗುತ್ತಿಗೆಯ ಕಾರ್ಮಿಕರಿಗೂ ಇದು ಅನ್ವಯಿಸುತ್ತದೆ. ಔಷಧೋಪಚಾರವಲ್ಲದೆ, ನಿಯಮದಂತೆ ವಂತಿಗೆ ತುಂಬಿದವನಿಗೆ ಡಾಕ್ಟರರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ಊರಲ್ಲಿರುವ ಹೆಂಡತಿ ಮಕ್ಕಳನ್ನು ಅಲ್ಲಿಯ ಇ.ಎಸ್.ಐ. ದವಾಖಾನೆಗೆ ಸೇರಿಸಬಹುದು. ಈ ಸಾಲಿಲ್ಲದವರಿಗೆ ಸಂಭಾಜಿನಗರದಲ್ಲಿ ಘಾಟಿ ಎಂದು ಹೆಸರಾದ ಸರಕಾರಿ ಆಸ್ಪತ್ರೆ, ನಾಸಿಕದಲ್ಲಿ ಸಿವಿಲ್ ಆಸ್ಪತ್ರೆ ಇವೆ.

ಡಾಕ್ಟರರೆದುರು ಹೇಳಲು ಈ ನಾಲ್ಕು ಮರಾಠಿ ಮಾತುಗಳನ್ನು ಕಲಿತಿಡಿರಿ. ಎದೆ ನೋಯುತ್ತಿದ್ದರೆ "ಛಾತೀತ ದುಖತೇ". ತಲೆ ಸುತ್ತುತ್ತಿದ್ದರೆ "ಚಕ್ಕರ ಯೇತೇ". ಎರಡು ವಾರದಿಂದ ಕೆಮ್ಮಿದ್ದರೆ "ದೋನ ಆಠವಡ್ಯಾಂಪಾಸೂನ ಖೋಕಲಾ ಆಹೇ". ನಿದ್ರೆ ಬಾರದಿದ್ದರೆ "ಝೋಪ ಯೇತ ನಾಹೀ". ಇಷ್ಟೂ ಆಗದಿದ್ದರೆ ಮರಾಠಿ ಬಲ್ಲ ಜೊತೆಗಾರನನ್ನು ಕರೆದೊಯ್ಯಿರಿ. ಹಾಗೆ ಕರೆದವನ ಜೊತೆಗೆ ಹೋಗಿಬರುವುದು ನಮ್ಮಲ್ಲಿ ಪ್ರತಿಯೊಬ್ಬನ ಕರ್ತವ್ಯ.

ಊರಿಗೆ ಹೋದಾಗ ನೋಡಬೇಕಾದವರು ತಾಯಿ ತಂದೆ, ಹೆಂಡತಿ ಮಕ್ಕಳು, ಹೊಲ ಮನೆ. ಅವರನ್ನು ಗಟ್ಟಿ ಮೈಯಿಂದ, ಹಗುರ ಮನಸ್ಸಿನಿಂದ ನೋಡಬೇಕಾದರೆ, ಕಾಯಿಲೆಯನ್ನು ಇಲ್ಲಿಯೇ, ಈ ವಾರವೇ ತೋರಿಸಿ ಮುಗಿಸಬೇಕು.